ನೂರು ಸುತ್ತು, ಮೂರು ನಿಮಿಷ: ಟರ್ನ್‌ಟೇಬಲ್ ವೇಗ ತಪ್ಪಿದಾಗ ದೋಷ ಹುಡುಕುವ ಬಗೆ

ಹೋದ ಮಳೆಗಾಲದಲ್ಲಿ ಡೊಂಬಿವಲಿಯಿಂದ ನಮ್ಮ ಮಾಮಾ ಫೋನ್ ಮಾಡಿದರು. "ಭೀಮಣ್ಣನ ದನಿ ಯಾಕೋ ಕೂತಂಗ ಕೇಳಾಕತ್ತದ ನೋಡು. ಒಂದ್ಸಲ ಬಂದು ಹೋಗಪಾ" ಅಂದರು. ಮಾಮಾ ಧಾರವಾಡದವರು. ಮುಂಬಯಿಗೆ ಬಂದು ನಲವತ್ತು ವರ್ಷವಾದರೂ ಮಾತು ಮಾತ್ರ ಅಲ್ಲಿಯದೇ. ಅವರ ಕಪಾಟಿನಲ್ಲಿ ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅವರ ಎಲ್‌ಪಿಗಳು, ಅಂದರೆ ದೊಡ್ಡ ಗ್ರಾಮಫೋನ್ ರೆಕಾರ್ಡುಗಳು, ಸಾಲಾಗಿ ನಿಂತಿವೆ. ಪಕ್ಕದಲ್ಲೇ ಹಾರ್ಮೋನಿಯಂ. ರೆಕಾರ್ಡಿನ ಸಾ ಮೊದಲು ಕೂರುತ್ತಿದ್ದ ಮನೆಗಿಂತ (ಹಾರ್ಮೋನಿಯಂನ ಕೀಲಿಗೆ ಮನೆ ಅನ್ನುತ್ತಾರೆ) ಒಂದು ಮನೆ ಕೆಳಗೆ ಕೂರುತ್ತಿದೆ ಎಂದು ಅವರೇ ಪೆಟ್ಟಿಗೆ ನುಡಿಸಿ ಪತ್ತೆ ಹಚ್ಚಿದ್ದರು. ರಿಪೇರಿಯವರೊಬ್ಬರು ಬಂದು ನೋಡಿ, "ಮೋಟಾರ್ ಹೋಗಿದೆ, ಇದಕ್ಕೆ ಹೊಸದು ಸಿಗೋದಿಲ್ಲ" ಎಂದು ಹೇಳಿ ಹೋಗಿದ್ದರು. ಮಾಮಾ ಎರಡು ವಾರ ಸೆಟ್ಟಿನ (ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್) ಮೇಲೆ ಬಟ್ಟೆ ಹೊದಿಸಿ ಸುಮ್ಮನೆ ಕೂತಿದ್ದರು.

ಮೋಟಾರ್ ಹೋಗಿರಲಿಲ್ಲ. ನಾನು ಇಷ್ಟು ವರ್ಷದಲ್ಲಿ ಬಿಚ್ಚಿ ನೋಡಿದ ಸೆಟ್ಟುಗಳಲ್ಲಿ 'ಮೋಟಾರ್ ಹೋಗಿದೆ' ಎಂದು ಕೈಗೆ ಬಂದವೇ ಜಾಸ್ತಿ. ನಿಜವಾಗಿ ಮೋಟಾರ್ ಹೋದವು ತೀರಾ ಕಡಿಮೆ. ಒಳ್ಳೆಯ ಸೆಟ್ಟುಗಳು ಈ ಒಂದು ಮಾತಿನಿಂದಲೇ ಗುಜರಿಗೆ ಹೋಗುತ್ತಿವೆ. ಅದಕ್ಕಾಗಿ, ದೋಷವನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎಣಿಸಿ

ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳುವ ಮೊದಲು ವೇಗ ಎಷ್ಟು ತಪ್ಪಿದೆ ಎಂದು ಅಳೆಯಬೇಕು. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗಬೇಕು. ಅಂದರೆ ಮೂರು ನಿಮಿಷಕ್ಕೆ ಸರಿಯಾಗಿ ನೂರು ಸುತ್ತು. ಈ ಲೆಕ್ಕ ಎಷ್ಟು ಅನುಕೂಲ ನೋಡಿ. ನೂರರಲ್ಲಿ ಎಷ್ಟು ಸುತ್ತು ಕಡಿಮೆ ಬಿತ್ತೋ, ವೇಗ ಶೇಕಡಾ ಅಷ್ಟೇ ಕಡಿಮೆ. ಹಾರ್ಮೋನಿಯಂನ ಒಂದು ಮನೆ ಅಂದರೆ ಸುಮಾರು ಶೇಕಡಾ 6. ಹಾಗಾಗಿ ಸಾ ಒಂದು ಮನೆ ಇಳಿದಿದೆ ಎಂದರೆ 94 ಸುತ್ತು ಬರಬೇಕು.

ತಿರುಗುವ ತಟ್ಟೆಯ ಅಂಚಿಗೆ ಸಣ್ಣ ಕಾಗದದ ಚೂರು ಅಂಟಿಸಿ. ರೆಕಾರ್ಡ್ ಹಾಕಿ, ಮುಳ್ಳು ಇಟ್ಟು, ಹಾಡು ನಡೆಯುತ್ತಿರುವಾಗಲೇ ಎಣಿಸಿ. ಮುಳ್ಳು ಗೆರೆಯಲ್ಲಿ ಎಳೆಯುವ ಭಾರವೂ ಲೆಕ್ಕಕ್ಕೆ ಬರಬೇಕು. ಬರೀ ತಟ್ಟೆ ತಿರುಗಿಸಿ ಎಣಿಸಿದರೆ ಸೋತ ಸೆಟ್ಟು ಕೂಡ ಸರಿಯಾಗಿಯೇ ಕಾಣುತ್ತದೆ. ಫೋನಿನ ಟೈಮರ್ ಶುರು ಮಾಡಿದ ಕ್ಷಣ ಕಾಗದ ಎದುರಿಗೆ ಬಂದರೆ ಅದನ್ನು 'ಸೊನ್ನೆ' ಅನ್ನಿ. 'ಒಂದು' ಅಂದರೆ ಒಂದು ಸುತ್ತು ಸುಮ್ನೆ ಜಾಸ್ತಿಯಾಗುತ್ತದೆ.

ಮಾಮಾ ಎಣಿಸಿದ ಬಗೆ ನನಗೆ ತುಂಬ ಹಿಡಿಸಿತು. ಅವರು ಅಂಕಿ ಹೇಳಲಿಲ್ಲ, ತೀನ್‌ತಾಲ ಹಾಕಿದರು. ಒಂದು ಸುತ್ತಿಗೆ ಒಂದು ಮಾತ್ರೆ. ಹದಿನಾರು ಮಾತ್ರೆಯ ಆರು ಆವರ್ತನ ಮುಗಿದರೆ 96. ಮೇಲೆ ನಾಲ್ಕು ಮಾತ್ರೆಯಾದರೆ ನೂರು. ಆವತ್ತು ಟೈಮರ್ ಕೂಗಿದಾಗ ಆರನೇ ಆವರ್ತನ ಮುಗಿಯಲು ಇನ್ನೂ ಎರಡು ಮಾತ್ರೆ ಬಾಕಿ ಇತ್ತು. 94. ಅವರ ಕಿವಿ ಹೇಳಿದ್ದೂ ಅದನ್ನೇ.

ಸೆಟ್ಟು ತಣ್ಣಗಿರುವಾಗ ಒಮ್ಮೆ, ಇಪ್ಪತ್ತು ನಿಮಿಷ ಓಡಿದ ಮೇಲೆ ಇನ್ನೊಮ್ಮೆ ಎಣಿಸಿ. ಮೊದಲು ನಿಧಾನವಿದ್ದು ಆಮೇಲೆ ಸರಿಹೋದರೆ ಎಲ್ಲೋ ಎಣ್ಣೆ ಅಥವಾ ಗ್ರೀಸ್ ಗಟ್ಟಿಯಾಗಿದೆ. ಮೊದಲು ಸರಿಯಿದ್ದು ಆಮೇಲೆ ಇಳಿದರೆ ಮೋಟಾರ್ ಬಿಸಿಯಾಗುತ್ತಿದೆ ಅಥವಾ ಸರ್ಕ್ಯೂಟಿನಲ್ಲಿ ಏನೋ ಇದೆ. ಇದೊಂದೇ ಪರೀಕ್ಷೆ ಅರ್ಧ ಕೆಲಸ ಉಳಿಸುತ್ತದೆ.

ನಿಮಿಷಕ್ಕೆ 45 ಸುತ್ತಿನ ರೆಕಾರ್ಡಿಗೆ ಎರಡು ನಿಮಿಷಕ್ಕೆ 90 ಸುತ್ತು. 78 ಕಣ್ಣಿಗೆ ಬೇಗ ಓಡುತ್ತದೆ, ಎಣಿಸುವುದು ಕಷ್ಟ. ಅದಕ್ಕೆ ಸ್ಟ್ರೋಬ್ ಚಕ್ರ ಬೇಕು. ಕಾಗದದ ಮೇಲೆ ಗೆರೆ ಅಚ್ಚು ಹಾಕಿದ ಚಕ್ರ ಅದು. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. 33⅓ಕ್ಕೆ 180 ಗೆರೆ, 78ಕ್ಕೆ 77 ಗೆರೆ ಇರುವ ಸಾಲು ಆ ಬೆಳಕಿನಲ್ಲಿ ನಿಂತಂತೆ ಕಾಣಬೇಕು. ಗೆರೆಗಳು ತಟ್ಟೆ ತಿರುಗುವ ಕಡೆಗೇ ಸರಿದರೆ ವೇಗ ಜಾಸ್ತಿ, ಹಿಂದಕ್ಕೆ ಸರಿದರೆ ಕಡಿಮೆ. ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಈಗಿನ ಹೆಚ್ಚಿನ ಎಲ್‌ಇಡಿ ಬಲ್ಬುಗಳ ಬೆಳಕಿನಲ್ಲಿ ಗೆರೆ ನಿಲ್ಲುವುದೇ ಇಲ್ಲ. ದೇವರ ಮನೆಯಲ್ಲಿ ಹಾಕುತ್ತಿದ್ದ ಹಳೇ ಫಿಲಮೆಂಟಿನ ಜೀರೋ ಬಲ್ಬು ಅಥವಾ ನಿಯಾನ್ ದೀಪ ಹುಡುಕಿ. ಇನ್ನೊಂದು, ಅದೇ ಚಕ್ರದಲ್ಲಿ 60 ಹರ್ಟ್ಸಿನ 216 ಗೆರೆಯ ಸಾಲೂ ಇರುತ್ತದೆ. ಅದನ್ನು ನೋಡಿ ಹೊಂದಿಸಿದರೆ ಸರಿಯಿದ್ದ ಸೆಟ್ಟನ್ನು ನೀವೇ ಕೆಡಿಸಿದ ಹಾಗೆ.

ಫೋನಿನಲ್ಲಿ ವೇಗ ಅಳೆಯುವ ಆ್ಯಪ್‌ಗಳೂ ಇವೆ. ಫೋನನ್ನು ತಟ್ಟೆಯ ನಡುವೆ ಇಟ್ಟು ತಿರುಗಿಸಬೇಕು. ಆದರೆ ಇನ್ನೂರು ಗ್ರಾಂ ತೂಕದ ಫೋನು ಸಣ್ಣ ಸೆಟ್ಟಿಗೆ ಭಾರವೇ. ನಾನು ಅದನ್ನು ಎರಡನೇ ಸಾಕ್ಷಿಯಾಗಿ ಮಾತ್ರ ಇಟ್ಟುಕೊಂಡಿದ್ದೇನೆ.

ನಿಮ್ಮ ಮೋಟಾರಿನ ಸ್ವಭಾವ ತಿಳಿಯಿರಿ

ಎಲ್ಲ ಮೋಟಾರೂ ಒಂದೇ ಥರ ಸೋಲುವುದಿಲ್ಲ. ಮೋಟಾರ್ ಒಂದು ರಬ್ಬರ್ ಬೆಲ್ಟಿನಿಂದ ತಟ್ಟೆ ತಿರುಗಿಸುವ ಹಳೇ ಬೆಲ್ಟ್ ಸೆಟ್ಟುಗಳಲ್ಲಿ ಹೆಚ್ಚಾಗಿ ಇರುವುದು ಸಿಂಕ್ರೋನಸ್ ಮೋಟಾರ್. ಇದು ಕರೆಂಟಿನ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತದೆ. 24 ಪೋಲಿನದಾದರೆ (ಪೋಲ್ ಅಂದರೆ ಮೋಟಾರಿನೊಳಗಿನ ಕಾಂತದ ಧ್ರುವ) 50 ಹರ್ಟ್ಸಿನಲ್ಲಿ ನಿಮಿಷಕ್ಕೆ 250 ಸುತ್ತು, 16 ಪೋಲಿನದಾದರೆ 375. ವೋಲ್ಟೇಜ್ ಸ್ವಲ್ಪ ಇಳಿದರೂ ವೇಗ ಇಳಿಯುವುದಿಲ್ಲ. ಒಂದೋ ತಾಳ ತಪ್ಪದೆ ತಿರುಗುತ್ತದೆ, ಇಲ್ಲವೇ ನಡುಗುತ್ತ ನಿಂತುಬಿಡುತ್ತದೆ. ಶೇಕಡಾ ಆರು ನಿಧಾನವಾಗಿ, ಆರಾಮವಾಗಿ ತಿರುಗುವುದು ಅದಕ್ಕೆ ಗೊತ್ತೇ ಇಲ್ಲ. ಮಾಮಾನ ಸೆಟ್ಟಿನಲ್ಲಿ ಇದ್ದದ್ದು ಇದೇ. ಆದ್ದರಿಂದ 94 ಎಂಬ ಲೆಕ್ಕ ಬಂದ ಕೂಡಲೇ ಮೋಟಾರಿನ ಮೇಲಿನ ಅನುಮಾನ ಹೋಯಿತು. ಮೋಟಾರಿಗೂ ತಟ್ಟೆಗೂ ನಡುವೆ ಎಲ್ಲೋ ಜಾರುತ್ತಿದೆ ಎಂದೇ ಅರ್ಥ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಬೆಲ್ಟ್ ತೆಗೆದು, ಬೆಲ್ಟ್ ಕೂರುವ ಮೋಟಾರಿನ ಸಣ್ಣ ಗಾಲಿಗೆ, ಅಂದರೆ ಪುಲ್ಲಿಗೆ, ಸ್ಕೆಚ್ ಪೆನ್ನಿನಿಂದ ಒಂದು ಚುಕ್ಕೆ ಇಡಿ. ಫೋನಿನಲ್ಲಿ ಸ್ಲೋ ಮೋಷನ್ ವೀಡಿಯೊ ತೆಗೆಯಿರಿ. ನಿಜವಾದ ಹತ್ತು ಸೆಕೆಂಡಿನಲ್ಲಿ 250ರ ಮೋಟಾರ್ 41ರಿಂದ 42 ಸುತ್ತು ಹಾಕಬೇಕು. ಹಾಕಿದರೆ ಮೋಟಾರ್ ಚೆನ್ನಾಗಿದೆ. ಅದನ್ನು ಬಿಚ್ಚಬೇಡಿ.

ಬೆಲ್ಟಿನ ಬದಲು ರಬ್ಬರ್ ಗಾಲಿ ತಟ್ಟೆ ತಿರುಗಿಸುವ ಹಳೇ ಐಡ್ಲರ್ ಗಾಲಿಯ ಸೆಟ್ಟುಗಳಲ್ಲಿ ಮತ್ತು ರೆಕಾರ್ಡನ್ನು ತಾನೇ ಬದಲಿಸುವ ಚೇಂಜರ್‌ಗಳಲ್ಲಿ ಸಾಮಾನ್ಯವಾಗಿ ಇಂಡಕ್ಷನ್ ಮೋಟಾರ್ ಇರುತ್ತದೆ. ಸಣ್ಣ ಎಕ್ಸಾಸ್ಟ್ ಫ್ಯಾನಿನ ಜಾತಿ. ನಾಲ್ಕು ಪೋಲಿಗೆ ಲೆಕ್ಕದ ಪ್ರಕಾರ 1500 ಸುತ್ತು. ಆದರೆ ಇದು ಯಾವಾಗಲೂ ಅದಕ್ಕಿಂತ ಸ್ವಲ್ಪ ಕಡಿಮೆಯೇ ಓಡುತ್ತದೆ. ಭಾರ ಜಾಸ್ತಿಯಾದರೆ ಇನ್ನೂ ಇಳಿಯುತ್ತದೆ. ಮೋಟಾರಿನ ಬುಷ್ (ಅದರ ಕಡ್ಡಿ ತಿರುಗುವ ಲೋಹದ ಬಳೆ) ಒಣಗಿದರೂ ವೇಗ ಬೀಳುತ್ತದೆ. ಅಡಾಪ್ಟರ್ ಮೇಲೆ ಓಡುವ ಸೆಟ್ಟುಗಳಲ್ಲಿ, ಜಪಾನಿನ ಎಷ್ಟೋ ಬೆಲ್ಟ್ ಸೆಟ್ಟುಗಳಲ್ಲಿ ಡಿಸಿ ಮೋಟಾರ್. ಇದನ್ನು ಸ್ಕ್ರೂ ತಿರುಗಿಸಿ ಹೊಂದಿಸಬಹುದು, ಅದಕ್ಕೇ ಸುಮ್ನೆ ಕೈಯಾಡಿಸಿ ಕೆಡಿಸಿದವರೂ ಜಾಸ್ತಿ. ಬೆಲ್ಟೇ ಇಲ್ಲದೆ ತಟ್ಟೆಯೇ ಮೋಟಾರಿನ ಭಾಗವಾಗಿರುವುದು ಡೈರೆಕ್ಟ್ ಡ್ರೈವ್.

ಬೆಲ್ಟು

ಮುಂಬಯಿಯ ಗಾಳಿ ರಬ್ಬರಿಗೆ ಒಳ್ಳೆಯದಲ್ಲ. ಮೂರು ನಾಲ್ಕು ತಿಂಗಳ ಮಳೆ, ವರ್ಷವಿಡೀ ಬೆವರು ಹರಿಸುವ ತೇವ. ಓಡದೆ ಕೂತ ಸೆಟ್ಟಿನ ಬೆಲ್ಟು ಒಂದು ಕಡೆ ಮೋಟಾರಿನ ಸುತ್ತ ಮಡಿಚಿ ಅದೇ ಆಕಾರಕ್ಕೆ ಒಗ್ಗಿಬಿಡುತ್ತದೆ. ಇಲ್ಲವೇ ಜೋಲಾಗುತ್ತದೆ. ಕೆಲವು ಕರಗಿ ಡಾಂಬರಿನ ಹಾಗೆ ಅಂಟುತ್ತವೆ. ತೆಗೆದು ಬೆರಳಿನ ನಡುವೆ ಎಳೆದು ನೋಡಿ. ಎಳೆದು ಬಿಟ್ಟರೆ ತಕ್ಷಣ ಹಿಂದಕ್ಕೆ ಬರಬೇಕು. ಮೈ ಮಂಕಾಗಿರಬೇಕು. ಗಾಜಿನಂತೆ ಹೊಳೆದರೆ ಹಿಡಿತ ಹೋಗಿದೆ. ಮಡಿಚಿ ನೋಡಿದಾಗ ಸಣ್ಣ ಬಿರುಕು ಕಂಡರೆ ಬದಲಿಸುವ ಕಾಲ ಬಂದಿದೆ.

ಹೊಸದು ಹಾಕುವ ಮೊದಲು ಪುಲ್ಲಿ ಮತ್ತು ಒಳತಟ್ಟೆಯ (ದೊಡ್ಡ ತಟ್ಟೆಯ ಕೆಳಗೆ ಬೆಲ್ಟ್ ಸುತ್ತುವ ಸಣ್ಣ ತಟ್ಟೆ) ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೂ ಒರೆಸಬೇಕು. ಪುಲ್ಲಿಯ ಮೇಲಿನ ತೆಳು ರಬ್ಬರ್ ಪದರ ಕಣ್ಣಿಗೆ ಕಾಣುವುದಿಲ್ಲ, ಆದರೆ ಜಾರಿಸುತ್ತದೆ, ಕೆಲವೊಮ್ಮೆ ದಪ್ಪ ಕೂತು ವೇಗವನ್ನೇ ಹೆಚ್ಚಿಸುತ್ತದೆ. ಹೊಸ ಬೆಲ್ಟನ್ನೂ ಒಮ್ಮೆ ಒರೆಸಿ. ಬೆರಳಿನ ಎಣ್ಣೆ ಅದಕ್ಕೆ ತಾಗಬಾರದು. ಜಿಡ್ಡಿನ ಕೈಯಲ್ಲಿ ಬೆಲ್ಟ್ ಹಾಕಿ ಜಾರುತ್ತಿದೆ ಎಂದು ಪರದಾಡಿದವರನ್ನು ಕಂಡಿದ್ದೇನೆ.

ಅಳತೆಗೆ, ಒಂದು ಹತ್ತಿಯ ದಾರವನ್ನು ಬೆಲ್ಟ್ ಹೋಗುವ ದಾರಿಯಲ್ಲೇ ಒಳತಟ್ಟೆ ಮತ್ತು ಪುಲ್ಲಿಯ ಸುತ್ತ ಹಾಕಿ ಉದ್ದ ನೋಡಿ. ಅದರಲ್ಲಿ ನೂರಕ್ಕೆ ಐದು ಭಾಗ ಕಳೆದು ಬರುವ ಅಳತೆಯ ಬೆಲ್ಟ್ ನನಗೆ ಸಾಮಾನ್ಯವಾಗಿ ಸರಿಹೋಗಿದೆ. ಬಿಗಿ ಜಾಸ್ತಿಯಾದರೆ ಮೋಟಾರಿನ ಬುಷ್ ಸವೆಯುತ್ತದೆ, ಗುರುಗುಟ್ಟುವ ಸದ್ದು ಸ್ಪೀಕರಿಗೆ ಬರುತ್ತದೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಬೆಲ್ಟ್ ಕೇಳುವಾಗ ಸೆಟ್ಟಿನ ಹೆಸರು ಹೇಳುವುದಕ್ಕಿಂತ ಈ ಅಳತೆ, ಅಗಲ, ದಪ್ಪ ಮೂರನ್ನೂ ಬರೆದುಕೊಂಡು ಹೋಗುವುದು ಮೇಲು.

ದಪ್ಪವನ್ನು ಯಾಕೆ ಹೇಳಿದೆ ಅಂದರೆ, ಬೆಲ್ಟಿನ ದಪ್ಪವೂ ವೇಗ ಬದಲಿಸುತ್ತದೆ. ಲೆಕ್ಕಕ್ಕೆ ಬರುವುದು ಪುಲ್ಲಿಯ ತ್ರಿಜ್ಯ ಮತ್ತು ಬೆಲ್ಟಿನ ಅರ್ಧ ದಪ್ಪ ಸೇರಿದ ಅಳತೆ. ಹತ್ತು ಮಿಲಿಮೀಟರ್ ವ್ಯಾಸದ ಪುಲ್ಲಿಗೆ 0.2 ಮಿಲಿಮೀಟರ್ ದಪ್ಪ ಜಾಸ್ತಿ ಇರುವ ಬೆಲ್ಟ್ ಹಾಕಿದರೆ ವೇಗ ಸುಮಾರು ಶೇಕಡಾ 2 ಏರುತ್ತದೆ. ಹೊಸ ಬೆಲ್ಟ್ ಹಾಕಿದ ಮೇಲೆ 102 ಸುತ್ತು ಬಂದರೆ ಬೇರೇನೂ ಹುಡುಕಬೇಡಿ, ಬೆಲ್ಟಿನ ದಪ್ಪ ನೋಡಿ.

ನಡುವಿನ ಬೇರಿಂಗು

ಬೆಲ್ಟ್ ತೆಗೆದಾಗಲೇ ಮಾಡಬೇಕಾದ ಇನ್ನೊಂದು ಪರೀಕ್ಷೆ ಇದೆ. ತಟ್ಟೆಯನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ಬಿಡಿ. ಒಳ್ಳೆಯ ಸೆಟ್ಟು ಸದ್ದಿಲ್ಲದೆ ಬಹಳ ಹೊತ್ತು ತಿರುಗಿ, ಕೊನೆಗೆ ಎಲ್ಲಿ ನಿಂತಿತು ಎಂದು ಗೊತ್ತಾಗದ ಹಾಗೆ ನಿಲ್ಲುತ್ತದೆ. ಮಾಮಾನ ತಟ್ಟೆ ಆರೇ ಸೆಕೆಂಡಿನಲ್ಲಿ ಯಾರೋ ಕೈ ಇಟ್ಟ ಹಾಗೆ ನಿಂತಿತು.

ಪ್ಲಗ್ ತೆಗೆದು, ತಟ್ಟೆ ಎತ್ತಿ, ಒಳತಟ್ಟೆಯನ್ನು ನೆಟ್ಟಗೆ ಮೇಲಕ್ಕೆ ಎಳೆದೆ. ಸಾಮಾನ್ಯವಾಗಿ ಅದು ಸಲೀಸಾಗಿ ಬರಬೇಕು. ಇದು ಬರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸುತ್ತ ಎಳೆದಾಗ ಒಳಗಿನಿಂದ 'ಪುಳಕ್' ಎಂದು ಸದ್ದು ಬಂತು. ಒಳತಟ್ಟೆಯ ನಡುವಿನ ಕಡ್ಡಿಯ ಮೈಗೆ ಹಳದಿ ಬಣ್ಣದ ಮೇಣದಂಥ ಅಂಟು. ಉಗುರಿನಿಂದ ಕೆರೆದರೆ ಸುರುಳಿಯಾಗಿ ಎದ್ದು ಬರುತ್ತಿತ್ತು. ಮೂಗಿನ ಹತ್ತಿರ ಹಿಡಿದೆ. ಕಮಟು ವಾಸನೆ, ಹಳೇ ಕೊಬ್ಬರಿ ಎಣ್ಣೆಯದು. ಮಾಮಿ ಬಾಗಿಲಲ್ಲಿ ನಿಂತು, "ಎರಡು ವರ್ಷದ ಹಿಂದ ಕಿರ್ ಕಿರ್ ಅಂತಿತ್ತಲ್ಲ, ಅವಾಗ ಇವರ ಹಾಕಿದ್ರು" ಅಂದರು. ಮಾಮಾ ತಲೆ ತಗ್ಗಿಸಿದರು. ನಾನು ಏನೂ ಅನ್ನಲಿಲ್ಲ. ಮನೆಯಲ್ಲಿ ಬಾಗಿಲ ತಿರುಗಣಿಗೂ ಅದನ್ನೇ ಹಾಕುತ್ತೇವೆ, ಅಲ್ವಾ? ಆದರೆ ಅಡುಗೆಯ ಎಣ್ಣೆ, ತಲೆಗೆ ಹಚ್ಚುವ ಎಣ್ಣೆ ಯಾವುದೂ ಇಲ್ಲಿಗೆ ಆಗದು. ಗಾಳಿಗೆ ಅವು ಅಂಟಾಗುತ್ತವೆ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪೂ ಗಟ್ಟುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಕೂಡ ಬೇಡ. ಅದು ಇದ್ದ ಎಣ್ಣೆಯನ್ನು ತೊಳೆದು, ತಾನೂ ಒಣಗಿ ಹೋಗುತ್ತದೆ.

ಶುಚಿ ಮಾಡುವಾಗ ಒಂದು ಎಚ್ಚರ. ಬೇರಿಂಗಿನ ತಳದಲ್ಲಿ ಎಷ್ಟೋ ಸೆಟ್ಟುಗಳಲ್ಲಿ ಒಂದು ಸಣ್ಣ ಉಕ್ಕಿನ ಗುಂಡು ಇರುತ್ತದೆ. ಅದು ಕಡ್ಡಿಯ ತುದಿಗೆ ಅಂಟಿಕೊಂಡು ಮೇಲೆ ಬಂದು, ಗೊತ್ತಾಗದೆ ಸೋಫಾದ ಕೆಳಗೆ ಉರುಳಿ ಹೋಗಬಹುದು. ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡೇ ಕೆಲಸ ಮಾಡಿ. ಕಡ್ಡಿಯನ್ನು ಆಲ್ಕೋಹಾಲಿನಿಂದ ಒರೆಸಿ. ಒಳಗಿನ ಬಾವಿಯನ್ನು ಕಿವಿಕಡ್ಡಿಯಿಂದ ತೆಗೆಯಿರಿ. ಮಾಮಾನ ಸೆಟ್ಟಿಗೆ ಹದಿನಾಲ್ಕು ಕಿವಿಕಡ್ಡಿ ಖರ್ಚಾದವು. ಹದಿನೈದನೆಯದು ಬಿಳಿಯಾಗೇ ಹೊರಗೆ ಬಂತು. ಹತ್ತಿಯ ಎಳೆ ಒಳಗೆ ಉಳಿದಿಲ್ಲ ಎಂದು ಟಾರ್ಚ್ ಹಾಕಿ ನೋಡಿ, ಆಮೇಲೆ ಎರಡು ಮೂರು ಹನಿ ಎಣ್ಣೆ ಬಿಡಿ. ಕಂಪನಿಯ ಕೈಪಿಡಿಯಲ್ಲಿ ಎಣ್ಣೆಯ ವಿವರ ಇದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಹೊಲಿಗೆ ಮಷೀನಿನ ಎಣ್ಣೆ ಹಗುರ ತಟ್ಟೆಗೆ ಸಾಕು. ಭಾರದ ತಟ್ಟೆಗೆ ಸ್ವಲ್ಪ ಮಂದ ಎಣ್ಣೆ ಬೇಕು. ಒಳತಟ್ಟೆಯನ್ನು ಮತ್ತೆ ಇಳಿಸುವಾಗ ಒತ್ತಬೇಡಿ. ಒಳಗಿನ ಗಾಳಿ ಹೊರಗೆ ಬರುತ್ತ ಅದು ತಾನಾಗಿ ನಿಧಾನಕ್ಕೆ ಕೂರುತ್ತದೆ. ಆ ಕೂರುವುದನ್ನು ನೋಡುವುದೇ ಒಂದು ಸಂತೋಷ.

ಇಷ್ಟಾದ ಮೇಲೆ ಹಳೇ ಬೆಲ್ಟನ್ನೇ ಹಾಕಿ ಎಣಿಸಿದೆವು. 98 ಬಂತು. ಉಳಿದ ಎರಡು ಸುತ್ತು ಕಡಿಮೆ ಬಿದ್ದದ್ದು ಬೆಲ್ಟಿನಿಂದ.

ಐಡ್ಲರ್ ಗಾಲಿ

ಗಾಲಿಯ ಸೆಟ್ಟಿನಲ್ಲಿ ಮೋಟಾರಿನ ಮೆಟ್ಟಿಲು ಪುಲ್ಲಿಗೂ ತಟ್ಟೆಯ ಒಳ ಅಂಚಿಗೂ ನಡುವೆ ರಬ್ಬರಿನ ಗಾಲಿ ಒತ್ತಿಕೊಂಡು ತಿರುಗುತ್ತದೆ. ರಬ್ಬರ್ ಗಟ್ಟಿಯಾದರೆ ಜಾರುತ್ತದೆ, ವೇಗ ಬೀಳುತ್ತದೆ. ಉಗುರಿನಿಂದ ಒತ್ತಿದಾಗ ಗುರುತು ಬಿದ್ದು ಮತ್ತೆ ಮಾಯವಾಗಬೇಕು. ಸ್ಪಿರಿಟ್ಟಿನಿಂದ ಒರೆಸಿ, ಹೊಳಪು ಹೋಗುವಷ್ಟು ಮಾತ್ರ ನಯವಾದ ಮರಳು ಕಾಗದ ಆಡಿಸಿ. ಗಾಲಿಯ ನಡುವಿನ ಕಡ್ಡಿಗೆ ಒಂದೇ ಒಂದು ಹನಿ ಎಣ್ಣೆ. ಎರಡನೇ ಹನಿ ರಬ್ಬರಿಗೆ ಹರಿದರೆ ಮಾಡಿದ್ದೆಲ್ಲ ಹಾಳು. ಗಾಲಿಯನ್ನು ಎಳೆಯುವ ಸ್ಪ್ರಿಂಗ್ ಜೋಲಾಗಿದೆಯೇ, ತುಕ್ಕು ಹಿಡಿದಿದೆಯೇ ಎಂದೂ ನೋಡಿ.

ಟಕ್ ಟಕ್ ಎಂದು ಒಂದೇ ಸಮ ಸದ್ದು ಬಂದರೆ ಗಾಲಿಯಲ್ಲಿ ತಗ್ಗು ಬಿದ್ದಿದೆ. ಸೆಟ್ಟು ಆಫ್ ಮಾಡುವಾಗ ವೇಗದ ಗುಂಡಿಯನ್ನು ಆಫ್ ಸ್ಥಾನಕ್ಕೆ ತರದೆ ಗೋಡೆಯ ಸ್ವಿಚ್ಚನ್ನೇ ಒತ್ತುವ ಮನೆಗಳಲ್ಲಿ ಇದು ಜಾಸ್ತಿ. ಗಾಲಿ ಒತ್ತಿಕೊಂಡೇ ತಿಂಗಳುಗಟ್ಟಲೆ ನಿಂತಿರುತ್ತದೆ. ಸಣ್ಣ ತಗ್ಗಾದರೆ ಕೆಲವು ದಿನ ಓಡಿಸಿದಾಗ ಹೋಗಬಹುದು. ಆಳದ್ದಾದರೆ ಗಾಲಿಗೆ ಹೊಸ ರಬ್ಬರ್ ಹಾಕಿಸಬೇಕು. ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಳೇ ಸೆಟ್ಟುಗಳಿಂದ ಬಿಚ್ಚಿದ ಗಾಲಿ ಸಿಕ್ಕೀತು. ಆದರೆ ಅದರ ರಬ್ಬರಿಗೂ ಅಷ್ಟೇ ವಯಸ್ಸಾಗಿರುತ್ತದೆ ಎಂಬುದು ನೆನಪಿರಲಿ.

ಹೊರದೇಶದಿಂದ ಬಂದ ಸೆಟ್ಟು

ಮಾಟುಂಗದ ಒಬ್ಬ ಪರಿಚಯದವರ ಮಗ ಅಮೆರಿಕದಿಂದ ಬರುವಾಗ ಚೆಂದದ ಬೆಲ್ಟ್ ಸೆಟ್ಟು ತಂದಿದ್ದ. 110 ವೋಲ್ಟಿನದು ಎಂದು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಕೂಡ ಹಾಕಿದ್ದರು. ಆದರೂ ಹಾಡು ನಿದ್ದೆಗಣ್ಣಿನಲ್ಲಿ ಹಾಡಿದ ಹಾಗೆ ಬರುತ್ತಿತ್ತು. ಬೆಲ್ಟ್ ಎರಡು ಸಲ ಬದಲಿಸಿದ್ದರು. ನಾನು ಎಣಿಸಿದೆ, ಮೂರು ನಿಮಿಷಕ್ಕೆ 83 ಸುತ್ತು. ಈ ಅಂಕಿ ಕಂಡ ಕೂಡಲೇ ಬೇರೆ ಯೋಚನೆ ಬೇಡ. ಅಲ್ಲಿನ ಕರೆಂಟ್ 60 ಹರ್ಟ್ಸ್, ನಮ್ಮದು 50. ಸಿಂಕ್ರೋನಸ್ ಮೋಟಾರ್ ಆರರಲ್ಲಿ ಐದು ಭಾಗ ಮಾತ್ರ ಓಡುತ್ತದೆ. 33⅓ ಇದ್ದದ್ದು 27.8 ಆಗುತ್ತದೆ. ಶ್ರುತಿ ಮೂರು ಮನೆಗಿಂತ ಸ್ವಲ್ಪ ಜಾಸ್ತಿಯೇ ಇಳಿಯುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಮಾತ್ರ ಬದಲಿಸುತ್ತದೆ, ಹರ್ಟ್ಸನ್ನು ಅಲ್ಲ.

ನಮ್ಮ ಕರಾವಳಿಯವರ ಮನೆಗಳಿಗೆ ಗಲ್ಫಿನಿಂದ ಸೆಟ್ಟುಗಳು ಬಂದಿವೆ. ದುಬೈ, ಕುವೈತಿನ ಕರೆಂಟ್ 50 ಹರ್ಟ್ಸ್, ಅಲ್ಲಿನವು ತೊಂದರೆ ಕೊಡುವುದಿಲ್ಲ. ಸೌದಿಯದು 60. ಜಪಾನಿನಲ್ಲಂತೂ ಟೋಕಿಯೊ ಕಡೆ 50, ಒಸಾಕಾ ಕಡೆ 60, ಎರಡೂ ಕಡೆ 100 ವೋಲ್ಟ್. ಸೆಟ್ಟಿನ ಹಿಂದಿನ ತಗಡಿನ ಚೀಟಿ ಓದಿ. '50/60' ಎಂದು ಬರೆದಿದ್ದರೂ ಕೆಲವಕ್ಕೆ ಪುಲ್ಲಿ ಬದಲಿಸಬೇಕು. 60ರ ಪುಲ್ಲಿಗಿಂತ 50ರ ಪುಲ್ಲಿ ಐದನೇ ಒಂದು ಭಾಗ ದಪ್ಪ ಇರುತ್ತದೆ. ಪರಿಚಯದವರು ಆ ಮಾದರಿಯ 50 ಹರ್ಟ್ಸ್ ಪುಲ್ಲಿಯನ್ನು ಹೊರಗಿನಿಂದ ತರಿಸಿದರು. ಕೆಲಸ ಮುಗಿಯಿತು. ಡಿಸಿ ಮೋಟಾರ್ ಮತ್ತು ಡೈರೆಕ್ಟ್ ಡ್ರೈವ್ ಸೆಟ್ಟುಗಳಿಗೆ ಈ ಕಷ್ಟವಿಲ್ಲ, ವೋಲ್ಟೇಜ್ ಸರಿಯಿದ್ದರೆ ಸಾಕು.

ಇದರ ಜೊತೆಗೇ ಇನ್ನೊಂದು ಮಾತು. ಮನೆಯ ಇನ್ವರ್ಟರ್ ಚೌಕಾಕಾರದ ಅಲೆ ಕೊಡುವ ಅಗ್ಗದ ಜಾತಿಯದಾದರೆ ಎಸಿ ಮೋಟಾರ್ ಅದರ ಮೇಲೆ ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ. ಕರೆಂಟ್ ಹೋದಾಗ ಮಾತ್ರ ತೊಂದರೆ ಬರುತ್ತಿದ್ದರೆ ಸೆಟ್ಟನ್ನು ಬಿಚ್ಚಬೇಡಿ.

ಸ್ವರ ತೂಗಾಡಿದರೆ

ಒಂದೇ ಸಮ ನಿಧಾನವಾಗುವುದು ಬೇರೆ, ಸ್ವರ ಏರಿಳಿಯುವುದು ಬೇರೆ. ತಂಬೂರಿಯ ನಾದ ಅಥವಾ ಹಾರ್ಮೋನಿಯಂನ ಉದ್ದ ಸ್ವರ ಇರುವ ಕಡೆ ಕೇಳಿ, ತಕ್ಷಣ ಗೊತ್ತಾಗುತ್ತದೆ. ಎಷ್ಟು ಹೊತ್ತಿಗೊಮ್ಮೆ ತೂಗುತ್ತದೆ ಎಂದು ನೋಡಿ. ಎಲ್‌ಪಿಯ ಒಂದು ಸುತ್ತಿಗೆ 1.8 ಸೆಕೆಂಡ್. ಅಷ್ಟಕ್ಕೊಮ್ಮೆ ತೂಗಿದರೆ ದೋಷ ರೆಕಾರ್ಡಿನಲ್ಲಿ ಅಥವಾ ತಟ್ಟೆಯಲ್ಲಿದೆ. ರೆಕಾರ್ಡಿನ ತೂತು ನಡುವೆ ಇಲ್ಲದಿದ್ದರೆ ಮುಳ್ಳು ಹಿಡಿದ ಕೋಲು, ಅಂದರೆ ಟೋನ್ ಆರ್ಮ್, ಎಡಕ್ಕೂ ಬಲಕ್ಕೂ ತೊಟ್ಟಿಲಿನಂತೆ ಆಡುತ್ತದೆ. ತೂತು ಒಂದು ಮಿಲಿಮೀಟರ್ ತಪ್ಪಿದ್ದರೂ, ನಡುವಿನಿಂದ ಹತ್ತು ಸೆಂಟಿಮೀಟರ್ ದೂರದಲ್ಲಿ ಸ್ವರ ಶೇಕಡಾ 1 ಆಚೀಚೆ ಹೋಗುತ್ತದೆ. ಒಳಗೆ ಹೋದಷ್ಟೂ ಇನ್ನೂ ಜಾಸ್ತಿ. ಬೇರೆ ರೆಕಾರ್ಡ್ ಹಾಕಿ. ಅದು ಸರಿಯಿದ್ದರೆ ಸೆಟ್ಟು ನಿರ್ದೋಷಿ. ಎಷ್ಟೋ ಜನ ಇದೊಂದನ್ನು ಮಾಡದೆ ಮೋಟಾರ್ ಬಿಚ್ಚಿದ್ದಾರೆ.

ಬೇಗ ಬೇಗ ನಡುಗಿದರೆ, ಸೆಕೆಂಡಿಗೆ ನಾಲ್ಕಾರು ಸಲ, ಪುಲ್ಲಿ ಡೊಂಕಾಗಿದೆ ಅಥವಾ ಅದರ ಮೇಲೆ ಕಸ ಕೂತಿದೆ. ಯಾವ ಲೆಕ್ಕಕ್ಕೂ ಸಿಗದೆ ಆಗೊಮ್ಮೆ ಈಗೊಮ್ಮೆ ತೂಗಿದರೆ ಜಾರುವ ಬೆಲ್ಟು, ಗಾಲಿ, ಇಲ್ಲವೇ ಕೊಳೆಯಾದ ವೇಗದ ಗುಂಡಿ.

ಮೋಟಾರೇ ತಿರುಗದಿದ್ದರೆ

ಮೋಟಾರಿನ ಸರದಿ ಈಗ. ಇಲ್ಲಿ 230 ವೋಲ್ಟ್ ಇರುತ್ತದೆ. ಪ್ಲಗ್ಗನ್ನು ಗೋಡೆಯಿಂದ ತೆಗೆದು ಕಣ್ಣೆದುರಿಗೆ ಇಟ್ಟುಕೊಂಡೇ ತಳ ಬಿಚ್ಚಿ. ವಿದ್ಯುತ್ ಕೆಲಸದ ಅಭ್ಯಾಸವಿಲ್ಲದವರು ಈ ಭಾಗವನ್ನು ಗೊತ್ತಿದ್ದವರಿಗೆ ಬಿಡಿ.

ಸಿಂಕ್ರೋನಸ್ ಮೋಟಾರ್ ಗುಂಯ್ ಎಂದು ನಡುಗುತ್ತ ನಿಂತಿದೆ, ಬೆರಳಿನಿಂದ ತಳ್ಳಿದರೆ ಯಾವ ಕಡೆಗೆ ತಳ್ಳಿದಿರೋ ಆ ಕಡೆಗೆ ಓಡುತ್ತದೆ. ಹೀಗಿದ್ದರೆ ಅದರ ಫೇಸ್ ಕೆಪಾಸಿಟರ್ ಹೋಗಿದೆ. ಮೋಟಾರಿನೊಳಗೆ ಎರಡು ಸುರುಳಿ ಇರುತ್ತವೆ. ಎರಡಕ್ಕೂ ಕರೆಂಟ್ ಹಿಂದೆ ಮುಂದೆ ತಲುಪಿದರೆ ಮಾತ್ರ ತಿರುಗುವ ದಿಕ್ಕು ಸಿಗುತ್ತದೆ. ಆ ಅಂತರ ಕೊಡುವುದು ಈ ಕೆಪಾಸಿಟರ್. ಹಳೆಯದರ ಮೇಲೆ ಬರೆದ ಮೈಕ್ರೋಫ್ಯಾರಡ್ ಅಂಕಿಯದೇ, ಎಸಿ ವೋಲ್ಟೇಜ್ ಅಷ್ಟೇ ಅಥವಾ ಜಾಸ್ತಿ ತಾಳುವ ಫಿಲ್ಮ್ ಕೆಪಾಸಿಟರ್ ಹಾಕಿ. ಡಿಸಿ ವೋಲ್ಟೇಜ್ ಮಾತ್ರ ಬರೆದಿರುವುದನ್ನು ಹಾಕಬೇಡಿ. ಚಿಲ್ಲರೆ ದುಡ್ಡಿನ ಸಾಮಾನು ಇದು. ಇದಕ್ಕಾಗಿ ಎಷ್ಟು ಮೋಟಾರುಗಳನ್ನು ಎಸೆದಿದ್ದಾರೋ.

ಇನ್ನೊಂದು ವಿಚಿತ್ರ ಲಕ್ಷಣ, ಸ್ವಿಚ್ ಆಫ್ ಮಾಡಿದರೂ ಮೋಟಾರ್ ತೆವಳುತ್ತ ತಿರುಗುವುದು. ಸ್ವಿಚ್ಚಿನ ಕಿಡಿ ತಡೆಯಲು ಅಡ್ಡಲಾಗಿ ಹಾಕಿದ ಕೆಪಾಸಿಟರ್ ಸೋರುತ್ತಿದೆ ಎಂದು ಇದರ ಅರ್ಥ. ಕೂಡಲೇ ಬದಲಿಸಿ, ಅಲ್ಲಿಯವರೆಗೆ ಪ್ಲಗ್ ತೆಗೆದಿಡಿ.

ಸದ್ದೇ ಇಲ್ಲದಿದ್ದರೆ ಫ್ಯೂಸ್, ಸ್ವಿಚ್ಚಿನ ತುಕ್ಕು, ವೈರಿನ ಬೆಸುಗೆ ನೋಡಿ. ತಟ್ಟೆ ಶುರುವಾಗುವುದು ಟೋನ್ ಆರ್ಮ್ ಸರಿಸಿದಾಗ ಎಂದಿದ್ದರೆ ಅದರ ಕೆಳಗಿನ ಸಣ್ಣ ಸ್ವಿಚ್ಚಿಗೆ ನಮ್ಮ ತೇವದಲ್ಲಿ ಕಿಲುಬು ಹಿಡಿಯುತ್ತದೆ. ಮೋಟಾರಿನ ಸುರುಳಿಯನ್ನು ಮೀಟರಿನಲ್ಲಿ ಅಳೆದಾಗ ದಾರಿಯೇ ಇಲ್ಲ ಎಂದು ತೋರಿಸಿದರೆ, ಆಗ ಮಾತ್ರ 'ಮೋಟಾರ್ ಹೋಗಿದೆ' ಅನ್ನಿ.

ಡಿಸಿ ಮೋಟಾರಿನ ಸೆಟ್ಟಿನಲ್ಲಿ ವೇಗ ಹೊಂದಿಸುವ ಸಣ್ಣ ಸ್ಕ್ರೂಗಳು ತಳದಲ್ಲಿ ಅಥವಾ ಮೋಟಾರಿನ ಹಿಂದಿನ ತೂತಿನಲ್ಲಿ ಇರುತ್ತವೆ. ಬೆಲ್ಟ್, ಬೇರಿಂಗ್ ಸರಿಮಾಡಿದ ನಂತರವೇ ಅವನ್ನು ಮುಟ್ಟಿ. ಮೊದಲು ಇದ್ದ ಜಾಗಕ್ಕೆ ಗುರುತು ಹಾಕಿ, ಕೂದಲೆಳೆಯಷ್ಟು ತಿರುಗಿಸಿ, ಎಣಿಸಿ. ಗುಂಡಿ ಮುಟ್ಟಿದಾಗ ವೇಗ ಹಾರಿದರೆ ಒಳಗೆ ಕೊಳೆ. ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಲ ಹೊಡೆದು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ತಿರುಗಿಸಿದರೆ ಬಹಳ ಸಲ ಸರಿಹೋಗುತ್ತದೆ.

ಡೈರೆಕ್ಟ್ ಡ್ರೈವ್ ಸೆಟ್ಟುಗಳ ಹೆಸರು ಹೇಳಿದರೆ ಮೊದಲು ನೆನಪಾಗುವುದು ಟೆಕ್ನಿಕ್ಸ್ ಎಸ್‌ಎಲ್-1200. 1972ರಲ್ಲಿ ಬಂತು, 1979ರ ಎಂಕೆ2 ಮಾದರಿಗೆ ಹರಳಿನ ಕಂಪನದಿಂದ ವೇಗ ಹಿಡಿದಿಡುವ ಕ್ವಾರ್ಟ್ಜ್ ನಿಯಂತ್ರಣ ಸೇರಿತು. ಇವುಗಳಲ್ಲಿ ವೇಗ ತಪ್ಪಿದರೆ ಪಿಚ್ ಸ್ಲೈಡರ್ (ವೇಗ ಏರಿಳಿಸುವ ಜಾರು ಗುಂಡಿ) ನಡುವಿನಲ್ಲಿದೆಯೇ ಎಂದು ಮೊದಲು ನೋಡಿ, ಆಮೇಲೆ ಅದನ್ನು ಶುಚಿ ಮಾಡಿ. ತಟ್ಟೆ ಹುಚ್ಚು ಹಿಡಿದ ಹಾಗೆ ಜೋರಾಗಿ ಓಡಿದರೆ ವೇಗದ ಸುದ್ದಿ ಸರ್ಕ್ಯೂಟಿಗೆ ತಲುಪುತ್ತಿಲ್ಲ. ಬಿಸಿಯಾದ ಮೇಲೆ ಮಾತ್ರ ತಪ್ಪಿದರೆ ಹಳೇ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಅಥವಾ ಬಿರುಕು ಬಿಟ್ಟ ಬೆಸುಗೆ. ಅದು ಬೆಸುಗೆ ಬಲ್ಲವರ ಕೆಲಸ.

ಮುಂದಿನ ಭಾನುವಾರ ಅಳತೆಯ ಬೆಲ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಮತ್ತೆ ಡೊಂಬಿವಲಿಗೆ ಹೋದೆ. ಪುಲ್ಲಿ ಒರೆಸಿ, ಬೆಲ್ಟ್ ಹಾಕಿ, ಅರ್ಧ ಗಂಟೆ ಬರೀ ತಟ್ಟೆ ಓಡಿಸಿದೆವು. ಆಮೇಲೆ ಮಾಮಾ ದಾಸರ ಪದದ ಎಲ್‌ಪಿ ಇಟ್ಟರು. ಟೈಮರ್ ನನ್ನ ಕೈಯಲ್ಲಿ, ತಾಳ ಅವರ ಕೈಯಲ್ಲಿ. ಆರು ಆವರ್ತನ ಮುಗಿಯಿತು. ಏಳನೆಯದರ ಸಮ್ ಬಂತು. ಒಂದು, ಎರಡು, ಮೂರು. ನಾಲ್ಕನೇ ಮಾತ್ರೆಗೆ ಅವರ ಕಿರುಬೆರಳು ಮಡಿಚುವುದಕ್ಕೂ ಫೋನು ಕೂಗುವುದಕ್ಕೂ ಸರಿಹೋಯಿತು. ಮಾಮಾ ಮಾತಾಡಲಿಲ್ಲ. ಹಾರ್ಮೋನಿಯಂ ಹತ್ತಿರಕ್ಕೆ ಎಳೆದುಕೊಂಡು, ಹಳೇ ಮನೆಯ ಮೇಲೆ ಬೆರಳಿಟ್ಟರು.